ರಾತ್ರಿಯ ಪಾಳಿ ಯಾರದು?

ಮಾನ್ಯರೇ,

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯಿಂದ ತಾವು ಬರೆದ ಪತ್ರ ತಲುಪಿದೆ. ಏಳು ವರ್ಷದ ಮೊಮ್ಮಗನಿಗೆ ಸೆರೆಬ್ರಲ್ ಪಾಲ್ಸಿಯ (ಮೆದುಳಿನ ತೊಂದರೆಯಿಂದ ಚಲನೆ ಮತ್ತು ಸ್ನಾಯುಗಳ ಹಿಡಿತ ಕುಂದುವ ಸ್ಥಿತಿ) ಜೊತೆಗೆ ಫಿಟ್ಸ್ ಕೂಡ ಇರುವುದು, ಮೂಗಿನ ನಳಿಕೆಯಿಂದ ಆಹಾರ ಕೊಡಬೇಕಾಗಿರುವುದು, ಗಂಟಲಲ್ಲಿ ಕಫ ಕಟ್ಟಿದಾಗಲೆಲ್ಲ ಸಕ್ಷನ್ ಯಂತ್ರದಿಂದ ತೆಗೆಯಬೇಕಾಗಿರುವುದು, ಇಷ್ಟನ್ನೂ ಎರಡು ವರ್ಷದಿಂದ ಸೊಸೆಯೊಬ್ಬರೇ ಹಗಲಿರುಳು ಮಾಡುತ್ತಿರುವುದು, ಎಲ್ಲವನ್ನೂ ವಿವರವಾಗಿ ತಿಳಿಸಿದ್ದೀರಿ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಾರೆ. ಇತ್ತೀಚೆಗೆ ಸೊಸೆ ಸಣ್ಣ ಮಾತಿಗೂ ಸಿಡುಕುತ್ತಾರೆ, ಒಲೆಯ ಮೇಲಿಟ್ಟ ಹಾಲನ್ನು ಮರೆಯುತ್ತಾರೆ, ಒಂದು ರಾತ್ರಿಯಂತೂ ಆಗಲೇ ಕೊಟ್ಟಾಗಿದ್ದ ಫಿಟ್ಸ್ ಔಷಧಿಯನ್ನು ಮತ್ತೊಮ್ಮೆ ಕೊಡಲು ಹೊರಟಿದ್ದರು ಎಂದೂ, ನೆಂಟರು ‘ಹೆತ್ತವಳಿಗೆ ಇಷ್ಟು ತಾಳ್ಮೆ ಇರಬೇಡವೇ’ ಎನ್ನುತ್ತಿದ್ದಾರೆ ಎಂದೂ ಬರೆದಿದ್ದೀರಿ. ಅವರಿಗೆ ನಿದ್ದೆ ಮಾತ್ರೆ ಕೊಡಿಸಬಹುದೇ, ಮನೋವೈದ್ಯರಿಗೆ ತೋರಿಸಬೇಕೇ ಎಂಬುದು ತಮ್ಮ ಪ್ರಶ್ನೆ.

ಮಾತ್ರೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ದಯವಿಟ್ಟು ಅದು ಬೇಡ. ಮಗುವಿನ ಗಂಟಲಿನ ಗೊರಗೊರ ಸದ್ದಿಗೆ ಏಳಬೇಕಾದವರು ಮನೆಯಲ್ಲಿ ಒಬ್ಬರೇ ಇರುವಾಗ, ಅವರನ್ನು ಮಾತ್ರೆ ಕೊಟ್ಟು ಮಲಗಿಸಿದರೆ ಆ ಸದ್ದು ಕೇಳಿಸಿಕೊಳ್ಳಲು ಯಾರೂ ಉಳಿಯುವುದಿಲ್ಲ. ಮಧ್ಯಾಹ್ನ ಗೋಡೆಗೆ ಒರಗಿದರೂ ಅವರಿಗೆ ಜೊಂಪು ಹತ್ತುತ್ತದೆ ಎಂದು ತಾವೇ ಬರೆದಿದ್ದೀರಿ. ಅಂದರೆ ಅವರಿಗೆ ನಿದ್ದೆ ಬರುತ್ತದೆ, ಮಲಗಲು ಬಿಡುವಿಲ್ಲ.

ಸಿಡುಕು ಮತ್ತು ಮರೆವು ಅವರ ಸ್ವಭಾವವೆಂದು ದಯವಿಟ್ಟು ಭಾವಿಸಬೇಡಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಸತತ 17 ಗಂಟೆ ಎಚ್ಚರವಾಗಿದ್ದವರ ಕೈಚುರುಕು ಮತ್ತು ಗಮನ, ರಕ್ತದಲ್ಲಿ ಶೇ. 0.05 ಮದ್ಯವಿರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಓಡಿಸುವವರಿಗೆ ಕಾನೂನು ಇಟ್ಟಿರುವ ಮಿತಿ ಶೇ. 0.03. 2003ರಲ್ಲಿ ಬಂದ ಅಮೆರಿಕದ ಇನ್ನೊಂದು ಅಧ್ಯಯನ ತಮ್ಮ ಮನೆಯ ಸ್ಥಿತಿಗೆ ಹೆಚ್ಚು ಹತ್ತಿರದ್ದು. ಎರಡು ವಾರ ದಿನಕ್ಕೆ 6 ಗಂಟೆ ಅಥವಾ ಅದಕ್ಕೂ ಕಡಿಮೆ ಮಲಗಿದವರ ಗಮನಶಕ್ತಿ, ಎರಡು ರಾತ್ರಿಯವರೆಗೆ ಕಣ್ಣೇ ಮುಚ್ಚದವರಷ್ಟು ಕುಗ್ಗಿತ್ತು, ಆದರೆ ತಾವು ಅಷ್ಟು ಕುಗ್ಗಿದ್ದೇವೆಂಬುದು ಅವರಿಗೇ ತಿಳಿದಿರಲಿಲ್ಲ. ‘ನನಗೇನೂ ಆಗಿಲ್ಲ, ನಾನೇ ನೋಡಿಕೊಳ್ಳುತ್ತೇನೆ’ ಎಂದು ಸೊಸೆ ಹೇಳುವ ಮಾತನ್ನು ತಾವು ಒಪ್ಪಿಕೊಂಡು ಸುಮ್ಮನಾಗಬಾರದೆಂದು ನಾನು ಹೇಳುವುದು ಇದಕ್ಕಾಗಿ. ಔಷಧಿಯನ್ನು ಅಳೆದು ಕೊಡುವ ಕೈಗೆ ವಿಶ್ರಾಂತಿ ಸಿಗುವಂತೆ ಮಾಡುವುದು ಮಗುವಿನ ಚಿಕಿತ್ಸೆಯ ಭಾಗವೇ ಆಗಿದೆ.

ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೀರಿ ಎಂದಿದ್ದೀರಿ. ಹುಳು ಕೊನೆಯ ಸಲ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿಯೂ ಸೊಪ್ಪು ಹಾಕಬೇಕಾದ ಆ ಏಳೆಂಟು ದಿನ ಮನೆಮಂದಿಯೆಲ್ಲ ಸರದಿಯ ಮೇಲೆ ಏಳುತ್ತೀರಿ, ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಟ್ಟ ಮೇಲೆ ಎಲ್ಲರೂ ಮಲಗುತ್ತೀರಿ. ಸೊಸೆಯ ರಾತ್ರಿಗಳಿಗೆ ಸರದಿಯೂ ಇಲ್ಲ, ಚಂದ್ರಿಕೆಯ ದಿನವೂ ಇಲ್ಲ. ಇದರಲ್ಲಿ ಮನೆಯವರ ತಪ್ಪು ಮಾತ್ರ ಇದೆಯೆಂದು ನಾನು ಹೇಳಲಾರೆ. ಮಗುವನ್ನು ಮನೆಗೆ ಕಳುಹಿಸುವಾಗ ಆಸ್ಪತ್ರೆಗಳು ನಳಿಕೆ ಮತ್ತು ಯಂತ್ರದ ಬಳಕೆಯನ್ನು ಸಾಮಾನ್ಯವಾಗಿ ಹಾಸಿಗೆಯ ಪಕ್ಕದಲ್ಲಿದ್ದವರಿಗೆ ಹೇಳಿಕೊಡುತ್ತವೆ, ಅಲ್ಲಿ ಇರುವವರು ತಾಯಿ, ಆಮೇಲೆ ಆ ಕೆಲಸ ಬಲ್ಲವರು ಅವರೊಬ್ಬರೇ ಆಗಿಬಿಡುತ್ತಾರೆ.

ಆದ್ದರಿಂದ ಈ ಕೆಲಸವನ್ನು ತಾವು ಕಲಿಯಬೇಕು. ತಾವು ನಿವೃತ್ತ ಶಿಕ್ಷಕರು, ಅರವತ್ತೆಂಟರಲ್ಲಿಯೂ ಗಟ್ಟಿಯಾಗಿದ್ದೀರಿ. ಹಾಲು ಬಿಡುವ ಮುನ್ನ ನಳಿಕೆ ಸರಿಯಾದ ಜಾಗದಲ್ಲಿದೆಯೇ ಎಂದು ಪರೀಕ್ಷಿಸುವುದು, ಮಗುವಿನ ತಲೆಯ ಭಾಗವನ್ನು ಎತ್ತರಿಸುವುದು, ಸಕ್ಷನ್ ನಳಿಕೆಯನ್ನು ಎಷ್ಟು ಒಳಗೆ, ಎಷ್ಟು ಹೊತ್ತು ಬಿಡಬೇಕೆಂಬುದು, ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ ಗಡಿಯಾರ ನೋಡಿ ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡುವುದು, ಇವೆಲ್ಲ ಅಭ್ಯಾಸದಿಂದ ಬರುವ ಕೆಲಸಗಳು. ರಾತ್ರಿಯಿಡೀ ತಾವು ಎದ್ದಿರಬೇಕಾಗಿಲ್ಲ. ಗಾಢ ನಿದ್ದೆಯ ಹೆಚ್ಚಿನ ಪಾಲು ಮಲಗಿದ ಮೊದಲ ಕೆಲವು ಗಂಟೆಗಳಲ್ಲಿಯೇ ಬರುತ್ತದೆ. ಒಂದು ಸುತ್ತಿನ ನಿದ್ದೆಗೆ ಸುಮಾರು 90 ನಿಮಿಷ ಬೇಕು, ಗಂಟೆಗೊಮ್ಮೆ ಎದ್ದವರಿಗೆ ಅದು ಪೂರ್ತಿಯಾಗುವುದೇ ಇಲ್ಲ. ರಾತ್ರಿ ಒಂಬತ್ತೂವರೆಯಿಂದ ಎರಡರವರೆಗೆ ತಾವು ಮೊಮ್ಮಗನ ಪಕ್ಕದಲ್ಲಿದ್ದರೆ ಸೊಸೆಗೆ ನಾಲ್ಕೂವರೆ ಗಂಟೆಯ ಅಖಂಡ ನಿದ್ದೆ ಸಿಗುತ್ತದೆ. ಆ ಹೊತ್ತಿನಲ್ಲಿ ಅವರು ಬೇರೆ ಕೋಣೆಯಲ್ಲಿ, ಯಂತ್ರದ ಸದ್ದು ಕೇಳಿಸದಷ್ಟು ದೂರ ಮಲಗಬೇಕು. ಅದೇ ಕೋಣೆಯಲ್ಲಿದ್ದರೆ ಕಿವಿ ಮಗುವಿನ ಕಡೆಗೇ ಇರುತ್ತದೆ. ಮಗ ಊರಿಗೆ ಬಂದ ರಾತ್ರಿಗಳು ಪೂರ್ತಿಯಾಗಿ ಮಗನವಾಗಲಿ. ವಾರವಿಡೀ ದುಡಿದು ದಣಿದಿರುತ್ತಾರೆ, ನಿಜ. ಆದರೂ ಇದನ್ನು ಅವರಿಗೆ ತಾವೇ ಹೇಳಬೇಕು, ಸೊಸೆ ಕೇಳಲಾರರು.

ಔಷಧಿಗೆ ಒಂದು ಹಾಳೆ ಮಾಡಿ ಗೋಡೆಗೆ ಅಂಟಿಸಿ, ಕೊಟ್ಟ ಕೂಡಲೇ ಗಂಟೆ ಬರೆದು ಸಹಿ ಹಾಕುವ ರೂಢಿಯಾಗಲಿ. ಎರಡು ಸಲ ಕೊಟ್ಟ ಅನುಮಾನ ಬಂದರೆ ಬೆಳಗಾಗುವವರೆಗೆ ಕಾಯದೆ ವೈದ್ಯರನ್ನು ಕೇಳಿ.

ಮಗು ಪದೇ ಪದೇ ಏಳುವುದೇಕೆ ಎಂಬುದನ್ನೂ ವೈದ್ಯರ ಮುಂದಿಡಬೇಕು. ಸ್ನಾಯುಗಳ ಬಿಗಿತದ ನೋವು, ಆಹಾರ ಹೊಟ್ಟೆಯಿಂದ ಮೇಲಕ್ಕೆ ಬರುವುದು, ನಿದ್ದೆಯಲ್ಲಿ ಉಸಿರು ಕಟ್ಟುವುದು, ರಾತ್ರಿಯ ಫಿಟ್ಸ್, ಇವುಗಳಲ್ಲಿ ಯಾವುದಾದರೂ ಇದ್ದರೆ ಚಿಕಿತ್ಸೆಯುಂಟು. ಮಗುವಿಗೆ ನಿದ್ದೆ ಕೆಟ್ಟರೆ ಫಿಟ್ಸ್ ಕೂಡ ಹೆಚ್ಚಬಹುದು. ಮಧ್ಯರಾತ್ರಿಯ ಆಹಾರವನ್ನೂ ಔಷಧಿಯನ್ನೂ ಹಿಂದೆ ಮುಂದೆ ಮಾಡಲು ಸಾಧ್ಯವೇ ಎಂದು ಕೇಳಿ. ಕೇಳದಿದ್ದರೆ ಆಸ್ಪತ್ರೆಯ ವೇಳಾಪಟ್ಟಿಯೇ ವರ್ಷಗಟ್ಟಲೆ ಮನೆಯಲ್ಲಿ ಮುಂದುವರಿಯುತ್ತದೆ. ಫಿಟ್ಸ್ ಔಷಧಿಯ ಹೊತ್ತನ್ನು ಮಾತ್ರ ತಾವಾಗಿ ಬದಲಿಸಬೇಡಿ.

ಮನೋವೈದ್ಯರ ಪ್ರಶ್ನೆಗೆ ಬರುತ್ತೇನೆ. ಹೀಗೆ ಕೆಲವು ವಾರ ನಿದ್ದೆ ಸಿಕ್ಕ ಮೇಲೂ ಸೊಸೆ ಅಳುತ್ತಿದ್ದರೆ, ಮಲಗಲು ಬಿಡುವಿದ್ದಾಗಲೂ ನಿದ್ದೆ ಬಾರದಿದ್ದರೆ ಖಂಡಿತ ತೋರಿಸಿ. ಬದುಕು ಸಾಕೆಂಬ ಮಾತು ಬಂದರೆ ಒಂದು ದಿನವೂ ಕಾಯಬೇಡಿ. 2022ರಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಸರ್ಕಾರದ ಕಡೆಯಿಂದ ಸಿಗುವುದು ಈ ಮನೆಗಳ ಅಗತ್ಯಕ್ಕೆ ಹೋಲಿಸಿದರೆ ಬಹಳ ಕಡಿಮೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್, ಹೆಚ್ಚಿನ ನೆರವು ಬೇಕಾದವರ ಆರೈಕೆಗೆ ಭತ್ಯೆಯ ಪ್ರಸ್ತಾಪ ಮಾಡುತ್ತದೆ. ರಾತ್ರಿ ಬಂದು ಕೂರುವ ತರಬೇತಾದ ಕೈ ಮಾತ್ರ ನಮ್ಮ ಹಳ್ಳಿಗಳಿಗೆ ಇನ್ನೂ ಬಂದಿಲ್ಲ, ಬರಬೇಕೆಂದು ಈ ಪತ್ರಿಕೆ ಒತ್ತಾಯಿಸುತ್ತದೆ. ಮೊಮ್ಮಗನ ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಆಗಿರದಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಮಾಡಿಸಿ, ಯಾವ ಸೌಲಭ್ಯವಿದೆ ಎಂಬುದನ್ನೂ ಅವರಲ್ಲಿಯೇ ವಿಚಾರಿಸಿ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಸೊಸೆಯೊಂದಿಗೆ ತಾವೂ ಮಗನೂ ಹೋಗಿ, ನಳಿಕೆ ಮತ್ತು ಸಕ್ಷನ್ ಕೆಲಸವನ್ನು ನರ್ಸ್ ಅವರ ಎದುರಿನಲ್ಲಿಯೇ ಸ್ವಂತ ಕೈಯಿಂದ ಮಾಡಿ ತೋರಿಸಿ, ಸರಿಯಾಗಿದೆ ಎಂದು ಅವರು ಹೇಳುವವರೆಗೆ ಕಲಿಯಿರಿ. ಅಲ್ಲಿಯವರೆಗೆ, ಮಧ್ಯಾಹ್ನದ ಆಹಾರ ಮುಗಿದ ಮೇಲೆ ತಾವು ಮೊಮ್ಮಗನ ಪಕ್ಕದಲ್ಲಿ ಕುಳಿತು, ಸಕ್ಷನ್ ಬೇಕಾದಾಗ ಮಾತ್ರ ಎಬ್ಬಿಸುವೆನೆಂದು ಹೇಳಿ, ಸೊಸೆಯನ್ನು ಎರಡು ಗಂಟೆ ಮಲಗಲು ಕಳುಹಿಸಿ. ಇದನ್ನು ಇಂದೇ ಆರಂಭಿಸಬಹುದು.

— ಸಂಪಾದಕ