ಸಿನಿಮಾದ ಸಾಮಾಜಿಕ ಸಂದೇಶವನ್ನು ಗುರುತಿಸುವುದು ಹೇಗೆ?

ಕೊನೆಯಲ್ಲಿ ನಾಯಕ ಮಾಡುವ ಭಾಷಣವೇ ಚಿತ್ರದ ಸಂದೇಶವಾ ಎಂದು ಕೇಳಿದ್ದೀರಿ. ಅಲ್ಲ. ಭಾಷಣಕ್ಕಿಂತ ಜಾಸ್ತಿ, ಕಥೆ ಯಾರನ್ನು ಗೆಲ್ಲಿಸುತ್ತದೆ, ಯಾರನ್ನು ಶಿಕ್ಷಿಸುತ್ತದೆ ಅಂತ ನೋಡಿ. ಹುಡುಗಿ ಬೇಡ ಅಂದರೂ ಬೆನ್ನು ಬಿಡದ ಹುಡುಗನಿಗೆ ಕೊನೆಗೆ ಅವಳ ಪ್ರೀತಿ ಸಿಕ್ಕರೆ, ಚಿತ್ರ ಆ ಕಾಟವನ್ನು ಒಪ್ಪಿಕೊಂಡಂತೆ. ಆಮೇಲೆ ಹೆಣ್ಣಿನ ಗೌರವದ ಬಗ್ಗೆ ಎಷ್ಟು ಡೈಲಾಗ್ ಹೊಡೆದರೂ ಅದು ಅಳಿಸಿಹೋಗುವುದಿಲ್ಲ.

ಕ್ಯಾಮೆರಾ ಯಾರ ಮುಖಕ್ಕೆ ಹತ್ತಿರ ಹೋಗುತ್ತದೆ ಅನ್ನೋದನ್ನೂ ಗಮನಿಸಿ. ನಮ್ಮ ಕರುಣೆ ಅಲ್ಲಿಗೇ ಹರಿಯುತ್ತದೆ. ಸಂಗೀತವೂ ಹಾಗೇ. ಕಪಾಳಕ್ಕೆ ಬಿದ್ದ ಏಟಿಗೆ ತಮಾಷೆಯ ಸದ್ದು ಸೇರಿಸಿದರೆ ನಾವು ನಗುತ್ತೇವೆ, ಅಲ್ವಾ?

1985ರಲ್ಲಿ ಅಮೆರಿಕದ ಆಲಿಸನ್ ಬೆಕ್‌ಡೆಲ್ ತಮ್ಮ ಕಾಮಿಕ್ಸ್‌ನಲ್ಲಿ ಒಂದು ಸರಳ ಪರೀಕ್ಷೆ ಕೊಟ್ಟರು. ಚಿತ್ರದಲ್ಲಿ ಇಬ್ಬರಾದರೂ ಹೆಂಗಸರಿದ್ದಾರಾ? ಅವರು ಪರಸ್ಪರ ಮಾತಾಡುತ್ತಾರಾ? ಆ ಮಾತು ಗಂಡಸಿನ ವಿಷಯ ಬಿಟ್ಟು ಬೇರೆಯದಾ? ಇದರಲ್ಲಿ ಪಾಸಾದ ಮಾತ್ರಕ್ಕೆ ಚಿತ್ರ ಒಳ್ಳೆಯದಾಗುವುದಿಲ್ಲ. ಆದರೆ ಯಾರಿಗೆ ಮಾತೇ ಕೊಟ್ಟಿಲ್ಲ ಅನ್ನೋದು ತಟ್ಟನೆ ಕಾಣುತ್ತದೆ. ಇದನ್ನೇ ಮನೆಗೆಲಸದವರ, ಬಡವರ, ಅಂಗವಿಕಲರ ಪಾತ್ರಗಳಿಗೂ ಹಚ್ಚಿ ನೋಡಿ. ಇಡೀ ಚಿತ್ರದಲ್ಲಿ ಅವರಿಗೊಂದು ಹೆಸರಾದರೂ ಇದೆಯಾ?