ಬೀಚಿನಲ್ಲಿ ಜೆಲ್ಲಿ ಫಿಶ್ ಕುಟುಕಿದರೆ ಏನು ಮಾಡಬೇಕು? ಕಡಲಪಾಚಿಯಿಂದಲೂ ತೊಂದರೆಯೇ?

ಮಳೆಗಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೆಚ್ಚು ಕಾಟ ಕೊಡುವುದು ಬ್ಲೂ ಬಾಟಲ್ ಅನ್ನುವ ಕಡಲಜೀವಿ. 2018ರ ಆಗಸ್ಟ್‌ನಲ್ಲಿ ಮುಂಬೈನ ಜುಹು ಬೀಚಿನಲ್ಲಿ ತುಂಬಾ ಜನ ಇದರಿಂದ ಕುಟುಕಿಸಿಕೊಂಡರು. ನಿಜಕ್ಕೂ ಇದು ಜೆಲ್ಲಿ ಫಿಶ್ ಅಲ್ಲ, ಅದರ ನೆಂಟ. ಹಸಿ ಮರಳಿನ ಮೇಲೆ ಊದಿದ ಪುಟ್ಟ ನೀಲಿ ಬಲೂನಿನ ಹಾಗೆ ಬಿದ್ದಿರುತ್ತದೆ. ಪಕ್ಕದಲ್ಲೇ ಕಡುನೀಲಿ ದಾರ ಸುರುಳಿ ಸುತ್ತಿಕೊಂಡಿರುತ್ತದೆ. ಮಕ್ಕಳ ಕೈ ಮೊದಲು ಹೋಗುವುದೇ ಅದಕ್ಕೆ, ಅಲ್ವಾ? ಆದರೆ ವಿಷ ಇರುವುದು ಆ ದಾರದಲ್ಲೇ. ಸತ್ತು ದಡಕ್ಕೆ ಬಿದ್ದ ಮೇಲೂ ಕುಟುಕುತ್ತದೆ.

ಕುಟುಕಿದರೆ ಉಜ್ಜಬೇಡಿ, ಮರಳು ಹಚ್ಚಬೇಡಿ. ಸಮುದ್ರದ ನೀರಿನಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆಯಿರಿ. ಆಮೇಲೆ ಕುಟುಕಿದ ಜಾಗವನ್ನು ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ, ಅಂದರೆ ಸುಮಾರು 45 ಡಿಗ್ರಿ, 20 ನಿಮಿಷ ಇಡಿ. ಮಕ್ಕಳಿಗಾದರೆ ಮೊದಲು ನಿಮ್ಮ ಕೈಯಿಟ್ಟು ನೋಡಿ. ಮೂತ್ರ ಹೊಯ್ಯಬೇಕು ಅನ್ನುವುದು ಸುಳ್ಳು, ದಯವಿಟ್ಟು ನಂಬಬೇಡಿ. ವಿನೆಗರ್ ಹಾಕುವುದು ‘ಬಾಕ್ಸ್ ಜೆಲ್ಲಿ ಫಿಶ್’ ಅನ್ನುವ ಬೇರೆ ಜಾತಿಗೆ ಸರಿ, ಬ್ಲೂ ಬಾಟಲ್‌ಗೆ ಬೇಡ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ, ಮುಖ ಊದಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ತಾಗಿದರೂ ಅಷ್ಟೇ.

ಕಡಲಪಾಚಿಗೆ ಸುಮ್ನೆ ಹೆದರುತ್ತಾರೆ. ಕೊಳೆತರೆ ವಾಸನೆ ಬರುತ್ತದೆ, ಬಂಡೆಯ ಮೇಲಿದ್ದರೆ ಕಾಲು ಜಾರುತ್ತದೆ, ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಏನಿಲ್ಲ. ಆದರೆ ದಡಕ್ಕೆ ಬಂದ ಪಾಚಿಯ ರಾಶಿಯಲ್ಲಿ ಬ್ಲೂ ಬಾಟಲ್ ಸಿಕ್ಕಿಕೊಂಡಿರಬಹುದು. ಅದರ ಮೇಲೆ ಬರಿಗಾಲಲ್ಲಿ ನಡೆಯಬೇಡಿ.