ಚೆಕ್ ಬೌನ್ಸ್ ಕೇಸು: ದಿನ ಎಣಿಸುವುದರಿಂದ ನೋಟಿಸ್ ಬರೆಯುವವರೆಗೆ

ಪ್ರಶ್ನೆ: ಸೀನಿಯರ್ ಆಫೀಸು ಬಿಟ್ಟು ಸ್ವಂತ ಪ್ರಾಕ್ಟೀಸ್ ಶುರು ಮಾಡಿದ್ದೇನೆ. ಚೆಕ್ ಬೌನ್ಸ್ ಕೇಸುಗಳೇ ಹೆಚ್ಚು. ನೋಟಿಸ್ ಕಳಿಸಲು 30 ದಿನ, ಎದುರಾಳಿ ಹಣ ಕಟ್ಟಲು 15 ದಿನ, ದೂರು ಸಲ್ಲಿಸಲು ಒಂದು ತಿಂಗಳು, ಇವನ್ನು ಯಾವ ದಿನದಿಂದ ಎಣಿಸಬೇಕು? ‘ಬಾಗಿಲು ಹಾಕಿದೆ’ ಎಂದು ನೋಟಿಸ್ ವಾಪಸ್ ಬಂದರೆ ಯಾವ ದಿನಾಂಕ ಹಿಡಿಯಬೇಕು?
– ಯುವ ವಕೀಲರು, ತಿಪಟೂರು

ಉತ್ತರ: ಘಟನೆ ನಡೆದ ದಿನವನ್ನು ಬಿಟ್ಟು ಮರುದಿನವನ್ನು ಒಂದು ಎಂದು ಎಣಿಸಿ. 2013ರ ಇಕಾನ್ ಆಂತ್ರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ.

ಚೆಕ್ ವಾಪಸಾದ ವಿಷಯ ಕಕ್ಷಿದಾರರಿಗೆ ಬ್ಯಾಂಕಿನಿಂದ ಮಾರ್ಚ್ 3ರಂದು ತಿಳಿಯಿತು ಎನ್ನೋಣ. ನೋಟಿಸ್ ಕಳಿಸಲು ಕೊನೆಯ ದಿನ ಏಪ್ರಿಲ್ 2. ನೀವು ಮಾರ್ಚ್ 20ಕ್ಕೆ ಕಳಿಸಿ, ಅದು 24ರಂದು ಎದುರಾಳಿಯ ಕೈಸೇರಿದರೆ ಹಣ ಕಟ್ಟಲು ಅವರಿಗೆ ಏಪ್ರಿಲ್ 8ರವರೆಗೆ ಸಮಯವಿದೆ. ವ್ಯಾಜ್ಯ ಕಾರಣ (ದೂರು ಹಾಕುವ ಹಕ್ಕು) ಹುಟ್ಟುವುದು 9ರಂದು, ದೂರು ಸಲ್ಲಿಸಲು ಕೊನೆಯ ದಿನ ಮೇ 9. ಇಲ್ಲಿ ಒಂದು ತಿಂಗಳೆಂದರೆ ಕ್ಯಾಲೆಂಡರ್ ತಿಂಗಳು, 30 ದಿನವಲ್ಲ.

ಬೇಗ ಹಾಕಿದರೂ ತೊಂದರೆ, ತಡವಾದರೂ ತೊಂದರೆ. ಆದರೆ ಎರಡೂ ಒಂದೇ ತೂಕದವಲ್ಲ. ತಡವಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 142ರ ಪರಂತುಕದಡಿ (ವಿನಾಯಿತಿ ಕೊಡುವ ಭಾಗ) ಸಾಕಷ್ಟು ಕಾರಣ ತೋರಿಸಿ ವಿಳಂಬ ಮನ್ನಾ ಕೇಳಬಹುದು. 15 ದಿನ ಮುಗಿಯುವ ಮೊದಲೇ ಹಾಕಿದ ದೂರು ಮಾತ್ರ ದೂರೇ ಅಲ್ಲ. 2014ರ ಯೋಗೇಂದ್ರ ಪ್ರತಾಪ್ ಸಿಂಗ್ ತೀರ್ಪು ಹೇಳುವುದು ಇದನ್ನೇ. ಅಂಥ ದೂರನ್ನು ಬಾಕಿ ಇಟ್ಟುಕೊಂಡು 15 ದಿನ ಕಳೆದ ಮೇಲೆ ಜೀವ ತುಂಬಲು ಬರುವುದಿಲ್ಲ, ಹೊಸದಾಗಿಯೇ ಸಲ್ಲಿಸಬೇಕು.

ಇನ್ನು ವಾಪಸ್ ಬಂದ ಲಕೋಟೆ. ವಿಳಾಸ ಸರಿಯಿದ್ದರೆ ಅದನ್ನು ಜಾರಿಯಾದಂತೆಯೇ ಭಾವಿಸಲಾಗುತ್ತದೆ (ಅಲವಿ ಹಾಜಿ, 2007). ಕಷ್ಟ ಇರುವುದು ದಿನಾಂಕದಲ್ಲಿ. ಪೋಸ್ಟ್‌ಮ್ಯಾನ್ ಸೂಚನೆ ಕೊಟ್ಟದ್ದು ಮಾರ್ಚ್ 24, ಲಕೋಟೆ ಮರಳಿದ್ದು ಏಪ್ರಿಲ್ 2 ಎಂದಾದರೆ ಯಾವುದು ಸರಿ ಎಂದು ವಾದಕ್ಕೆ ಇಳಿಯಬೇಡಿ. ಎರಡನ್ನೂ ಲೆಕ್ಕ ಹಾಕಿ. ತಡವಾದ ದಿನಾಂಕದಿಂದ 15 ದಿನ ಎಣಿಸಿದರೆ ಏಪ್ರಿಲ್ 17ಕ್ಕೆ ಮುಗಿಯುತ್ತದೆ. ಮೊದಲ ದಿನಾಂಕ ಹಿಡಿದರೆ ಕೊನೆಯ ದಿನ ಮೇ 9. ಏಪ್ರಿಲ್ 18ರಿಂದ ಮೇ 9ರೊಳಗೆ ಹಾಕಿದ ದೂರಿಗೆ ಯಾವ ಲೆಕ್ಕದಲ್ಲೂ ಕುತ್ತಿಲ್ಲ. ಈ ಎರಡು ದಿನಾಂಕಗಳನ್ನು ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡಿ. ಅಂಚೆಯ ಟ್ರ್ಯಾಕಿಂಗ್ ಪುಟವನ್ನೂ ಆಗಲೇ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ತಿಂಗಳುಗಳ ಮೇಲೆ ಹುಡುಕಿದರೆ ಆನ್‌ಲೈನ್‌ನಲ್ಲಿ ಸಿಗದೇ ಹೋಗಬಹುದು.

ನೋಟಿಸಿನ ಮೊತ್ತದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಚೆಕ್ಕಿನ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಚೆಕ್ಕಿನಲ್ಲಿ ಇರುವಂತೆಯೇ ಇರಲಿ. 2025ರ ಕಾವೇರಿ ಪ್ಲಾಸ್ಟಿಕ್ಸ್ ಪ್ರಕರಣದಲ್ಲಿ ಒಂದು ಕೋಟಿಯ ಚೆಕ್ಕಿಗೆ ನೋಟಿಸಿನಲ್ಲಿ ಎರಡು ಕೋಟಿ ಎಂದಿತ್ತು. ಟೈಪಿಂಗ್ ತಪ್ಪು ಎಂಬ ಸಮಜಾಯಿಷಿಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬಡ್ಡಿ, ನೋಟಿಸ್ ಖರ್ಚು ಕೇಳುವುದಿದ್ದರೆ ಪ್ರತ್ಯೇಕ ಪ್ಯಾರಾದಲ್ಲಿ ಕೇಳಿ. ಎಲ್ಲ ಸೇರಿಸಿ ಒಟ್ಟು ಇಷ್ಟು ಕೊಡಿ ಎಂದು ಮಾತ್ರ ಬರೆಯಬೇಡಿ. ಹಳೆಯ ನೋಟಿಸನ್ನು ಕಾಪಿ ಮಾಡಿ ಹೆಸರು ಬದಲಿಸುವ ಅಭ್ಯಾಸದಿಂದಲೇ ಇಂಥ ತಪ್ಪು ನುಸುಳುವುದು. ಕಳಿಸುವ ಮೊದಲು ಮೂಲ ಚೆಕ್ ಕೈಯಲ್ಲಿ ಹಿಡಿದು ಬೇರೆಯವರಿಂದ ಗಟ್ಟಿಯಾಗಿ ಓದಿಸಿ.

ಪ್ರಶ್ನೆ: ಕಕ್ಷಿದಾರರ ಬಳಿ 5 ಲಕ್ಷದ ಚೆಕ್ ಇದೆ. ಚೆಕ್ ಕೊಟ್ಟ ಮೇಲೆ ಸಾಲಗಾರರು ಯುಪಿಐ ಮೂಲಕ ಒಂದೂವರೆ ಲಕ್ಷ ಹಾಕಿದ್ದಾರೆ. ಪೂರ್ತಿ ಚೆಕ್ ಹಾಕಿ, ನೋಟಿಸಿನಲ್ಲಿ ಮೂರೂವರೆ ಲಕ್ಷ ಕೇಳಬಹುದೇ?
– ವಕೀಲರು, ಸಿಂಧನೂರು

ಉತ್ತರ: ಬೇಡ. ಬ್ಯಾಂಕಿಗೆ ಹಾಕುವ ದಿನ ಚೆಕ್ಕಿನಲ್ಲಿರುವ ಮೊತ್ತವೇ ಬಾಕಿಯಾಗಿರಬೇಕು. ಭಾಗಶಃ ಪಾವತಿಯನ್ನು ಕಲಂ 56ರಂತೆ ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಕಿದರೆ ಕಲಂ 138ರ (ಚೆಕ್ ಬೌನ್ಸ್) ಅಪರಾಧ ಆಗುವುದಿಲ್ಲ ಎಂದು 2022ರ ದಶರಥಭಾಯಿ ಪಟೇಲ್ ತೀರ್ಪು ಹೇಳುತ್ತದೆ. ನೋಟಿಸಿನಲ್ಲಿ ಕಡಿಮೆ ಕೇಳಿದರೂ ಈ ದೋಷ ಸರಿಹೋಗದು.

ನಮೂದಿಸಿ ಹಾಕುವುದಕ್ಕೆ ಕಾನೂನಿನ ಒಪ್ಪಿಗೆ ಇದೆ ನಿಜ. ಆದರೆ ಸಿಟಿಎಸ್ ಕ್ಲಿಯರಿಂಗ್‌ನಲ್ಲಿ (ಬ್ಯಾಂಕುಗಳು ಚೆಕ್ಕಿನ ಚಿತ್ರ ಕಳಿಸಿ ಹಣ ತೀರಿಸುವ ವ್ಯವಸ್ಥೆ) ತಿದ್ದುಪಡಿ ಇರುವ ಚೆಕ್ ತಾಂತ್ರಿಕ ಕಾರಣಕ್ಕೆ ಮರಳುವ ಭಯವಿದೆ. ಆದ್ದರಿಂದ ಹಳೆಯ ಚೆಕ್ ಹಿಂತಿರುಗಿಸಿ, ಉಳಿದ ಮೂರೂವರೆ ಲಕ್ಷಕ್ಕೆ ಹೊಸ ಚೆಕ್ ಬರೆಸಿಕೊಳ್ಳುವುದೇ ಒಳ್ಳೆಯದು. ಆ ಒಂದೂವರೆ ಲಕ್ಷ ಬೇರೆ ವ್ಯವಹಾರದ್ದು ಎಂದು ಕಕ್ಷಿದಾರರು ಹೇಳಿದರೆ ಅದಕ್ಕೆ ಲೆಕ್ಕಪುಸ್ತಕವೋ ಬಿಲ್ಲೋ ಇದೆಯೇ ನೋಡಿ. ಬರೀ ಬಾಯಿಮಾತು ಪಾಟಿ ಸವಾಲಿನಲ್ಲಿ ನಿಲ್ಲದು.

ಪ್ರಶ್ನೆ: ಕೈಸಾಲ ಕೊಟ್ಟ ರೈತರೊಬ್ಬರಿಗೆ ‘ಅಷ್ಟು ಹಣ ಎಲ್ಲಿಂದ ಬಂತು’ ಎಂಬ ಪ್ರಶ್ನೆ ಎದುರಾಗಿದೆ. ಸಹಿ ಒಪ್ಪಿಕೊಂಡ ಮೇಲೆ ಇದನ್ನು ಕೇಳಬಹುದೇ?
– ವಕೀಲರು, ಹಾನಗಲ್

ಉತ್ತರ: ಕೇಳಬಹುದು. ಸಹಿ ಒಪ್ಪಿದರೆ ಸಾಲವಿದೆ ಎಂಬ ಪೂರ್ವಭಾವನೆ ಕಲಂ 139ರಡಿ ನಿಮ್ಮ ಪರ ಬರುತ್ತದೆ (ರಂಗಪ್ಪ, 2010). ಆದರೆ ಆರೋಪಿ ಅದನ್ನು ಸಂಭವನೀಯತೆಯ ಮಟ್ಟದಲ್ಲಿ ಅಲುಗಾಡಿಸಿದರೆ ಸಾಕು. ಆಮೇಲೆ ಹಣ ಕೊಡುವ ಶಕ್ತಿ ತನಗಿತ್ತೆಂದು ಫಿರ್ಯಾದಿಯೇ ತೋರಿಸಬೇಕಾಗುತ್ತದೆ (ಬಸಲಿಂಗಪ್ಪ, 2019). ಎಪಿಎಂಸಿ ಪಟ್ಟಿ, ಆ ವರ್ಷದ ಪಹಣಿಯಲ್ಲಿನ ಬೆಳೆ ಕಾಲಂ, ಸಾಲ ಕೊಟ್ಟ ದಿನದ ಆಸುಪಾಸಿನ ಬ್ಯಾಂಕ್ ವಿತ್‌ಡ್ರಾ, ಇವನ್ನು ನೋಟಿಸ್ ಬರೆಯುವ ಮೊದಲೇ ಕೇಳಿ ತೆಗೆದಿಟ್ಟುಕೊಳ್ಳಬೇಕು. 20,000 ರೂಪಾಯಿ ಮೀರಿದ ನಗದು ಸಾಲ ಎಂಬ ಒಂದೇ ಕಾರಣಕ್ಕೆ ಸಾಲ ಅಕ್ರಮವಾಗದು ಎಂದು 2025ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ನಿಮಗೆ ನೆರವಾದೀತು.

ಪ್ರಶ್ನೆ: ಕಂಪನಿಯ ಚೆಕ್, ಸಹಿ ನಿರ್ದೇಶಕರದು. ನೋಟಿಸ್ ಯಾರಿಗೆ?
– ವಕೀಲರು, ಬೆಳಗಾವಿ

ಉತ್ತರ: ಇಬ್ಬರಿಗೂ. ಕಂಪನಿಯನ್ನು ಆರೋಪಿಯಾಗಿಸದೆ ನಿರ್ದೇಶಕರ ಮೇಲೆ ಮಾತ್ರ ಕೇಸು ನಡೆಯದು (ಅನೀತಾ ಹಾಡಾ, 2012). 30 ದಿನದೊಳಗೆ ಕಂಪನಿಗೆ ನೋಟಿಸ್ ಹೋಗದಿದ್ದರೆ ಮುಂದೆ ಅದನ್ನು ಆರೋಪಿಯಾಗಿ ಸೇರಿಸಿಯೂ ಪ್ರಯೋಜನವಿಲ್ಲ. ನೋಂದಾಯಿತ ಕಚೇರಿಯ ವಿಳಾಸ ಲೆಟರ್‌ಹೆಡ್ಡಿನಲ್ಲಿ ಹಳೆಯದಿರಬಹುದು, ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಿಂದ ತೆಗೆದುಕೊಳ್ಳಿ.